ಚಾವಣಿ ತೆರೆದ ನಾಲ್ವರು



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಮೊಳಕಾಲ್ಮೂರು ಕಡೆಯ ನೇಕಾರ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನನ್ನ ಬಳಿಗೆ ಬಂದರು. ಸೆರಗಿನ ಗಂಟಿನಿಂದ ಮೊಬೈಲ್ ಫೋನ್ ತೆಗೆದು ನನ್ನ ಕೈಗಿಟ್ಟು, "ಸ್ವಾಮಿ, ಇದ್ರಾಗೆ ನನ್ನ ಮಗಳ ಸ್ಕಾಲರ್‌ಶಿಪ್ ದುಡ್ಡು ಐತಂತೆ. ಬರಂಗೆ ಮಾಡಿಕೊಡ್ರಿ" ಎಂದರು.

ಹುಡುಗಿ ಪದವಿ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಅರ್ಜಿಯನ್ನು ಫೋನಿನಲ್ಲೇ ತುಂಬಬೇಕಿತ್ತು. ಆದರೆ ಅಂಕಪಟ್ಟಿಯಲ್ಲಿ ಅವಳ ಹೆಸರು ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೂ ಆಗಿರಲಿಲ್ಲ. ಅಂದು ನನಗೆ ಹಬ್ಬದ ಸಿದ್ಧತೆಯ ಗಡಿಬಿಡಿ. "ಹಬ್ಬ ಕಳೆಯಲಿ ತಾಯಿ, ಮುಂದಿನ ವಾರ ನೋಡೋಣ" ಎಂದು ಹೇಳಿ ಕಳುಹಿಸಿಬಿಟ್ಟೆ. ಮುಂದಿನ ವಾರ ಅವರು ಬರುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತ್ತು. ಆ ತಾಯಿ ನನ್ನನ್ನು ಬೈಯಲಿಲ್ಲ. "ಇರ್ಲಿ ಬಿಡ್ರಿ ಸ್ವಾಮಿ, ನಮ್ಮ ಹಣೇಬರ" ಎಂದು ಹೊರಟುಹೋದರು. ಸೀರೆ ನೇಯಿಸುವ ಸಾಹುಕಾರರಿಂದ ಮುಂಗಡ ತಂದು ಮಗಳ ಶುಲ್ಕ ಕಟ್ಟಿದರೆಂದು ಆಮೇಲೆ ತಿಳಿಯಿತು.

ಪ್ರಿಯರೇ, ಅದು ಹಣೆಬರಹವಾಗಿರಲಿಲ್ಲ. ಅದು ನನ್ನ ಅಲಕ್ಷ್ಯವಾಗಿತ್ತು. ಫೋನ್ ಇತ್ತು, ಸಿಗ್ನಲ್ ಇತ್ತು, ಹಣವೂ ಇತ್ತು. ಜೊತೆಯಲ್ಲಿ ಕುಳಿತುಕೊಳ್ಳುವ ಒಬ್ಬ ಮನುಷ್ಯ ಇರಲಿಲ್ಲ.

ಬಾಗಿಲು ಮುಚ್ಚಿದ್ದಾಗ

ಸಂತ ಮಾರ್ಕನು ಬರೆದ ಶುಭಸಂದೇಶದ 2ನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಪ್ರಭು ಯೇಸು ಕಫೆರ್ನವುಮಿನ ಒಂದು ಮನೆಯಲ್ಲಿ ಬೋಧಿಸುತ್ತಿದ್ದಾರೆ. ಬಾಗಿಲ ಬಳಿ ಕಾಲಿಡಲೂ ಜಾಗವಿಲ್ಲ. ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ. ದಾರಿ ಇಲ್ಲವೆಂದು ಅವರು ಹಿಂದಿರುಗಲಿಲ್ಲ. ಮೇಲೆ ಹತ್ತಿ, ಚಾವಣಿಯನ್ನು ತೆರೆದು, ರೋಗಿಯನ್ನು ಹಾಸಿಗೆಯ ಸಮೇತ ಪ್ರಭುವಿನ ಮುಂದೆ ಇಳಿಸಿದರು. ಆಗ ಪ್ರಭು ಕಂಡದ್ದು ಯಾರ ವಿಶ್ವಾಸವನ್ನು? ಹೊತ್ತು ತಂದವರ ವಿಶ್ವಾಸವನ್ನೂ ಎಂದು ಶುಭಸಂದೇಶ ಸ್ಪಷ್ಟವಾಗಿ ಹೇಳುತ್ತದೆ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮಕ್ಕಳಿಗೆ ಉನ್ನತ ಶಿಕ್ಷಣದ ಬಾಗಿಲು ಬಹುಕಾಲ ಇಕ್ಕಟ್ಟಾಗಿಯೇ ಇತ್ತು. ಮಳೆ ಕಡಿಮೆ, ಶೇಂಗಾ ಬೆಳೆಯನ್ನು ನಂಬಿದ ಬದುಕು, ದೂರದ ಊರು, ಹಾಸ್ಟೆಲಿನ ಖರ್ಚು. ಇಂದು ತಂತ್ರಜ್ಞಾನವು ಚಾವಣಿಯಲ್ಲಿ ಒಂದು ಕಿಂಡಿ ತೆರೆದಿದೆ. 2017ರಲ್ಲಿ ಆರಂಭವಾದ 'ಸ್ವಯಂ' ಜಾಲತಾಣದಲ್ಲಿ ದೇಶದ ಹೆಸರಾಂತ ಸಂಸ್ಥೆಗಳ ಪ್ರಾಧ್ಯಾಪಕರ ಪಾಠಗಳನ್ನು ಹಣ ಕೊಡದೆ ಕೇಳಬಹುದು. ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿವೆ. ಅನೇಕ ಕಡೆ ಕಂಪ್ಯೂಟರುಗಳೂ ಬಂದಿವೆ. ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ 2021ರಲ್ಲಿ ಟ್ಯಾಬ್ ಹಂಚಲಾಯಿತು. ಕಿಂಡಿ ತೆರೆದದ್ದು ನಿಜ. ಆದರೆ ಹೊತ್ತುಕೊಂಡು ಮೇಲೆ ಹತ್ತುವ ನಾಲ್ವರು ಎಲ್ಲಿ?

ಕೊಡಲಿ ಮತ್ತು ಬಡಗಿ

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ಉದಾಹರಣೆ ಕಲಿತಿದ್ದೆ. ಕೊಡಲಿ ತನ್ನ ಹರಿತದಿಂದ ಮರವನ್ನು ಕಡಿಯುತ್ತದೆ; ಆ ಮರ ಮಂಚವಾಗುವುದು ಮಾತ್ರ ಬಡಗಿಯ ಕಲೆಯಿಂದ. ನಮ್ಮ ಮೊಳಕಾಲ್ಮೂರಿನವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ಲಾಳಿ ಎಷ್ಟೇ ನಯವಾಗಿದ್ದರೂ ತಾನಾಗಿ ರೇಷ್ಮೆ ಸೀರೆ ನೇಯುವುದಿಲ್ಲ. ಹಾಸಿನ ನೂಲಿನ ನಡುವೆ ಅದನ್ನು ಓಡಿಸುವ ಕೈ ಬೇಕು, ಅಂಚು ಸರಿಬಂತೇ ಎಂದು ನೋಡುವ ಕಣ್ಣು ಬೇಕು. ಸಾಧನ ಎಂದಿಗೂ ಸಾಧನವೇ.

ಇದಕ್ಕೆ ನಮ್ಮ ನೆಲದಲ್ಲೇ ಒಂದು ಕಲ್ಲಿನ ಸಾಕ್ಷಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನಗಳಿವೆ. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅವುಗಳ ಉಪದೇಶ. ಆ ಕಾಲಕ್ಕೆ ಬಂಡೆಯ ಮೇಲೆ ಅಕ್ಷರ ಕೊರೆಯುವುದೇ ದೊಡ್ಡ ತಂತ್ರಜ್ಞಾನ. ಕೊರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಬರೆದಿದ್ದಾನೆ. ಆದರೆ ಕಾಲಕ್ರಮದಲ್ಲಿ ಆ ಬ್ರಾಹ್ಮಿ ಲಿಪಿಯನ್ನು ಓದಬಲ್ಲವರೇ ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ, 1892ರಲ್ಲಿ ಬಿ. ಎಲ್. ರೈಸ್ ನಮ್ಮ ಈ ಶಾಸನಗಳನ್ನು ಬೆಳಕಿಗೆ ತಂದರು. ಅಲ್ಲಿಯವರೆಗೆ ಶತಮಾನಗಳ ಕಾಲ ಕುರಿ ಕಾಯುವವರು ಆ ಬಂಡೆಯ ಪಕ್ಕದಲ್ಲೇ ನಡೆದಾಡಿರಬೇಕು. ಅಕ್ಷರ ಕಣ್ಣೆದುರಿಗೇ ಇತ್ತು, ಓದಿ ಹೇಳುವವರಿರಲಿಲ್ಲ. ಇಂದು ನೇಕಾರ ತಾಯಿಯ ಸೆರಗಿನಲ್ಲಿರುವ ಫೋನೂ ಅಂಥದೇ ಒಂದು ಬಂಡೆಯಲ್ಲವೇ?

ಇನ್ನು ಚಳ್ಳಕೆರೆಯ ಕಡೆ ನೋಡಿ. ಕುದಾಪುರದ ಬಳಿ, ಒಂದು ಕಾಲದಲ್ಲಿ ಅಮೃತಮಹಲ್ ಕಾವಲಾಗಿದ್ದ ಹುಲ್ಲುಗಾವಲಿನಲ್ಲಿ, ಇಂದು ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ನೆಲೆಸಿವೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ರೆಕ್ಕೆಯ ನೌಕೆಯೊಂದನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ, ಅದು ಚಾಲಕನಿಲ್ಲದೆ ತಾನೇ ದಾರಿ ಹುಡುಕಿಕೊಂಡು ಇಲ್ಲಿನ ಓಡುದಾರಿಯಲ್ಲಿ ಇಳಿಯಿತು. ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಅದೇ ಸೀಮೆಯ ಕುರಿಗಾಹಿಯ ಮಗ, ನೇಕಾರನ ಮಗಳು ಕಾಲೇಜಿನ ಅರ್ಜಿಯಲ್ಲಿ ದಾರಿ ತಪ್ಪಿ ನಿಂತರೆ? ಯಂತ್ರಕ್ಕೆ ದಾರಿ ಕಲಿಸಿದ ನಾವು ಮಕ್ಕಳ ಕೈ ಹಿಡಿಯದಿದ್ದರೆ? ಅದೇ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ಕೊಡುತ್ತಿರುವುದು ನನಗೆ ಹೆಚ್ಚು ಸಂತೋಷ ಕೊಡುವ ಸಂಗತಿ. ಏಕೆಂದರೆ ಆ ವಿದ್ಯೆ ಶಿಕ್ಷಕರೆಂಬ ಮನುಷ್ಯರ ಮೂಲಕ ಮಗುವನ್ನು ಮುಟ್ಟುತ್ತದೆ.

2020ರ ಕೊರೋನಾ ದಿನಗಳಲ್ಲಿ ನಾವು ಇದನ್ನೇ ಕಂಡೆವು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ಫೋನಿನಲ್ಲೂ ಬಂದವು. ಆದರೂ ಸರ್ಕಾರ 'ವಿದ್ಯಾಗಮ'ವೆಂದು ಶಿಕ್ಷಕರನ್ನು ಮಕ್ಕಳಿದ್ದಲ್ಲಿಗೇ ಕಳುಹಿಸಬೇಕಾಯಿತು. 2025ರ ಜನವರಿಯಲ್ಲಿ ಕೃತಕ ಬುದ್ಧಿಮತ್ತೆಯ ಕುರಿತು ವ್ಯಾಟಿಕನ್ ಪ್ರಕಟಿಸಿದ 'ಆಂತಿಕ್ವಾ ಎತ್ ನೋವಾ' ಎಂಬ ದಾಖಲೆಯೂ ಈ ಮಾತನ್ನು ಒತ್ತಿ ಹೇಳುತ್ತದೆ: ಎದುರಿಗೆ ಇರುವ ಗುರುವಿನ ಸ್ಥಾನವನ್ನು ಯಂತ್ರ ತುಂಬಲಾರದು.

ನಮ್ಮ ಮನೆಗಳಲ್ಲಿ ಏನು ಮಾಡೋಣ?

ಮೊದಲನೆಯದಾಗಿ, ತಂದೆತಾಯಿಯರೇ, ಮಗನ ಕೈಗೆ ಕೊಟ್ಟ ಫೋನನ್ನು ಮಗಳಿಂದ ಬಚ್ಚಿಡಬೇಡಿ. "ಹೆಣ್ಣುಮಕ್ಕಳು ಕೆಟ್ಟು ಹೋಗ್ತಾರೆ" ಎಂಬ ಭಯ ನನಗೆ ಗೊತ್ತು. ರಾತ್ರಿಯಿಡೀ ಆಟ, ಜೂಜು, ವಿಡಿಯೋಗಳಲ್ಲಿ ಮುಳುಗಿ ಕೆಟ್ಟ ಗಂಡುಮಕ್ಕಳನ್ನೂ ನಾನು ಕಂಡಿದ್ದೇನೆ. ನಿಯಮ ಇರಲಿ, ಆದರೆ ಅದು ಇಬ್ಬರಿಗೂ ಒಂದೇ ಇರಲಿ. ಫೋನು ಮಲಗುವ ಕೋಣೆಯಲ್ಲಿ ಬೇಡ, ಜಪಮಾಲೆ ಹೇಳುವ ಪಡಸಾಲೆಯಲ್ಲಿ ಎಲ್ಲರ ಕಣ್ಣೆದುರು ಇರಲಿ.

ಎರಡನೆಯದಾಗಿ, ಮಗು ಹತ್ತನೇ ತರಗತಿಗೆ ಬಂದ ಕೂಡಲೇ ಕಾಗದಪತ್ರ ತೆಗೆದು ನೋಡಿ. ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ರೀತಿ ಇದೆಯೇ? ನಾಡಕಚೇರಿಯಿಂದ ಪಡೆಯುವ ಜಾತಿ, ಆದಾಯ ಪ್ರಮಾಣಪತ್ರ ಸಿದ್ಧವಿದೆಯೇ? ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ? ಸಣ್ಣ ಕೆಲಸಗಳು, ಆದರೆ ಇವುಗಳಿಂದಲೇ ಒಂದು ವರ್ಷದ ಶುಲ್ಕ ಉಳಿಯುತ್ತದೆ, ಹೋಗುತ್ತದೆ. ಮತ್ತು ಫೋನಿಗೆ ಬರುವ ಒಟಿಪಿ ಸಂಖ್ಯೆಯನ್ನು ಕರೆ ಮಾಡಿ ಕೇಳುವ ಅಪರಿಚಿತರಿಗೆ ಎಂದೂ ಹೇಳಬೇಡಿ.

ಮೂರನೆಯದು ಕಾಲೇಜು ಮೆಟ್ಟಿಲು ಹತ್ತಿರುವ ಯುವಕ ಯುವತಿಯರಿಗೆ. ಭಾನುವಾರ ಪೂಜೆಯ ನಂತರ ಒಂದು ಗಂಟೆ ದೇವಾಲಯದ ಅಂಗಳದಲ್ಲಿ ಮೇಜು ಹಾಕಿ ಕುಳಿತುಕೊಳ್ಳಿ. ಯಾವ ಧರ್ಮದ, ಯಾವ ಜಾತಿಯ ಮಗು ಬಂದರೂ ಸರಿ. ಆದರೆ ಅವರ ಅರ್ಜಿಯನ್ನು ನೀವೇ ತುಂಬಿ ಕಳುಹಿಸಿಬಿಡಬೇಡಿ. ಅವರ ಕೈಯಲ್ಲೇ ತುಂಬಿಸಿ. ಕಫೆರ್ನವುಮಿನ ಆ ರೋಗಿಯನ್ನು ಪ್ರಭು ಮತ್ತೆ ಹೊತ್ತುಕೊಂಡು ಹೋಗಿರೆಂದು ನಾಲ್ವರಿಗೆ ಒಪ್ಪಿಸಲಿಲ್ಲ. ಅವನು ತನ್ನ ಹಾಸಿಗೆಯನ್ನು ತಾನೇ ಎತ್ತಿಕೊಂಡು, ತನ್ನ ಕಾಲಿನ ಮೇಲೆ ಮನೆಗೆ ನಡೆದ. ನೆರವಿನ ಗುರಿಯೇ ಅದು.

ಆ ಹುಡುಗಿಯ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಮರುವರ್ಷ ಅಂತಿಮ ಪದವಿಯ ವಿದ್ಯಾರ್ಥಿನಿಯೊಬ್ಬಳು ಅವಳ ಜೊತೆ ಎರಡು ಸಂಜೆ ಕುಳಿತಳು. ಹೆಸರು ಸರಿಯಾಯಿತು, ಖಾತೆ ಸರಿಯಾಯಿತು, ವಿದ್ಯಾರ್ಥಿವೇತನ ಬಂತು. ಹಿಂದಿನ ವರ್ಷದ ಹಣ ಮಾತ್ರ ಬರಲೇ ಇಲ್ಲ. ಆ ಸಾಲವನ್ನು ತಾಯಿ ಮಗ್ಗದ ಮೇಲೆ ದುಡಿದು ತೀರಿಸಿದರು. ಆ ಸಾಲದಲ್ಲಿ ನನ್ನ ಪಾಲೂ ಇದೆ ಎಂದು ನಾನು ಪಾಪನಿವೇದನೆಯಲ್ಲಿ ಒಪ್ಪಿಕೊಂಡಿದ್ದೇನೆ. ಈಗ ಯಾರಾದರೂ ಸೆರಗಿನಿಂದ ಫೋನ್ ತೆಗೆದರೆ "ಮುಂದಿನ ವಾರ" ಎನ್ನುವುದಿಲ್ಲ. ಕುರ್ಚಿ ಎಳೆದು ಕುಳಿತುಕೊಳ್ಳುತ್ತೇನೆ.

ಪ್ರಾರ್ಥಿಸೋಣ: ಪ್ರಭುವೇ, ಬಾಗಿಲು ಕಾಣದೆ ನಿಂತ ಮಕ್ಕಳನ್ನು ನಮ್ಮ ಕಣ್ಣಿಗೆ ತೋರಿಸು. ನೀನು ಕೊಟ್ಟ ಬುದ್ಧಿಯಿಂದ ಮನುಷ್ಯ ಮಾಡಿದ ಸಾಧನಗಳು ಬಡವರ ಪಾಲಿಗೂ ಬೆಳಕಾಗಲಿ. ಹೊರುವ ಹೆಗಲನ್ನೂ ಕಾಯುವ ತಾಳ್ಮೆಯನ್ನೂ ನಮಗೆ ದಯಪಾಲಿಸು. ಆಮೆನ್.