ಒಂದು ಏಟೂ ಒಂದು ಆಯುಷ್ಯವೂ

ಮನುಷ್ಯನು ತನ್ನ ಆಯುಷ್ಯದಲ್ಲಿ ಸಾವಿರಾರು ಕೆಲಸಗಳನ್ನು ಮಾಡುತ್ತಾನೆ. ಆದರೆ ಜನರು ಅವುಗಳಲ್ಲಿ ಒಂದನ್ನು ಹಿಡಿದು ಅದನ್ನೇ ಅವನ ಹೆಸರಾಗಿ ಮಾಡಿಬಿಡುತ್ತಾರೆ. ಸಂತೆಯಲ್ಲಿ ಒಂದು ದಿವಸ ಕೈಮಾಡಿದವನು ಮುಪ್ಪಿನ ವರೆಗೂ ಹೊಡೆದಾಡುವವನೆಂದೇ ಅನ್ನಿಸಿಕೊಳ್ಳುತ್ತಾನೆ. ಇದು ನ್ಯಾಯವೋ? ಒಂದೇ ಕೃತ್ಯದಿಂದ ಮನುಷ್ಯನನ್ನು ತೂಗಬಹುದೋ? ಈ ಪ್ರಶ್ನೆಯನ್ನು ಅಮೇರಿಕ ದೇಶದ ಒಬ್ಬ ಆಟಗಾರನ ಚರಿತ್ರೆಯ ಮುಖಾಂತರ ಆಲೋಚಿಸೋಣ.

ಬಾಸ್ಕೆಟ್ ಬಾಲ್ ಎಂಬ ಚೆಂಡಾಟವನ್ನು ನೀವು ಶಾಲೆಯ ಬೈಲುಗಳಲ್ಲಿ ನೋಡಿರಬಹುದು. ಅದು ಕ್ರಿಸ್ತೀಯ ಶಾಲೆಯೊಂದರಲ್ಲಿ ಹುಟ್ಟಿದ ಆಟವೆಂಬದನ್ನು ಅನೇಕರು ಅರಿಯರು. 1891ನೆಯ ಇಸವಿಯಲ್ಲಿ ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದೊಳಗೆ, ವೈ.ಎಂ.ಸಿ.ಎ. ಎಂಬ ಕ್ರಿಸ್ತೀಯ ಯುವಕ ಸಂಘದವರ ತರಬೇತಿ ಶಾಲೆಯಲ್ಲಿ, ದೇವಶಾಸ್ತ್ರವನ್ನು ಅಭ್ಯಾಸಮಾಡಿದ್ದ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಕಟ್ಟಡದೊಳಗೆ ಆಡುವದಕ್ಕಾಗಿ ಅದನ್ನು ಏರ್ಪಡಿಸಿದರು. ಅವರು ಬರೆದ 13 ನಿಯಮಗಳಲ್ಲಿ ಎದುರಾಳಿಯನ್ನು ಹಿಡಿಯಬಾರದು, ನೂಕಬಾರದು, ಹೊಡೆಯಬಾರದು ಎಂಬದೂ ಒಂದು. ಕಾಲಕ್ರಮದಲ್ಲಿ ಆ ಆಟವು ಅಲ್ಲಿ ಸಂಬಳಕ್ಕೆ ಆಡುವ ಉದ್ಯೋಗವಾಯಿತು.

ಆ ಉದ್ಯೋಗಕ್ಕೆ 1973ರಲ್ಲಿ ಸೇರಿದವರಲ್ಲಿ ಕರ್ಮಿಟ್ ವಾಷಿಂಗ್ಟನ್ ಎಂಬ ಕಪ್ಪುವರ್ಣದ ಯೌವನಸ್ಥನು ಒಬ್ಬನು. ಲಾಸ್ ಏಂಜಲಸ್ ಪಟ್ಟಣದ ಲೇಕರ್ಸ್ ತಂಡದವರು ಆತನನ್ನು ತೆಗೆದುಕೊಂಡರು. ಆತನು ದುಡಿದು ಕಲಿಯುವವನು. ತನ್ನ ಕೊರತೆಯನ್ನು ಅರಿತು ಪೀಟ್ ನ್ಯೂಯೆಲ್ ಎಂಬ ಹಿರಿಯ ತರಬೇತುಗಾರರ ಬಳಿಗೆ ಹೋಗಿ, ತನಗೆ ಕಲಿಸಬೇಕೆಂದು ಬೇಡಿಕೊಂಡು ಆಟವನ್ನು ತಿದ್ದಿಕೊಂಡನು.

1977ನೆಯ ದಶಂಬರ 9ರ ರಾತ್ರಿ ಲೇಕರ್ಸರಿಗೂ ಹ್ಯೂಸ್ಟನ್ ಪಟ್ಟಣದ ರಾಕೆಟ್ಸ್ ತಂಡದವರಿಗೂ ಆಟ ನಡೆಯುತ್ತಿರಲು, ಕರ್ಮಿಟನಿಗೂ ಎದುರು ತಂಡದ ಒಬ್ಬನಿಗೂ ಜಗಳ ಹತ್ತಿತು. ಅದನ್ನು ಬಿಡಿಸುವದಕ್ಕೆ ರೂಡಿ ಟಾಮ್ಜಾನೊವಿಚ್ ಎಂಬ ರಾಕೆಟ್ಸ್ ಆಟಗಾರನು ಓಡಿಬಂದನು. ಹಿಂದಿನಿಂದ ಯಾರೋ ತನ್ನ ಮೇಲೆ ಬೀಳುತ್ತಾರೆಂದು ಭಾವಿಸಿದ ಕರ್ಮಿಟನು ಗಕ್ಕನೆ ತಿರುಗಿ ಅವನ ಮುಖಕ್ಕೆ ಗುದ್ದಿದನು. ರೂಡಿಯ ಮುಖದ ಎಲುಬುಗಳು ಮುರಿದವು, ತಲೆಬುರುಡೆ ಬಿರಿಯಿತು, ಮೆದುಳನ್ನು ಸುತ್ತಿರುವ ನೀರು ಸೋರಿತು. ಅವನು ಬದುಕಿ ಉಳಿದದ್ದೇ ದೊಡ್ಡದು.

ಕರ್ಮಿಟನಿಗೆ 10,000 ಡಾಲರ್ ದಂಡ ಬಿತ್ತು. 60 ದಿವಸ ಆಟದಿಂದ ಹೊರಗಿಡಲ್ಪಟ್ಟನು. ಆದರೆ ಜನರು ಹಾಕಿದ ದಂಡ ಅಷ್ಟಕ್ಕೆ ಮುಗಿಯಲಿಲ್ಲ. ಆ ಏಟಿನ ಚಿತ್ರವು ಟೆಲಿವಿಜನ್ನಿನಲ್ಲಿ ಮತ್ತೆ ಮತ್ತೆ ತೋರಿಸಲ್ಪಟ್ಟಿತು. ಗಾಯಪಟ್ಟವನು ಬಿಳಿಯನಾಗಿದ್ದದರಿಂದ ಕರ್ಮಿಟನ ಮೈಬಣ್ಣವನ್ನು ಹಳಿಯುವ ಪತ್ರಗಳೂ ಬಂದವು. 1980ರಲ್ಲಿ ಆತನು ಆ ವರುಷದ ಶ್ರೇಷ್ಠ ಆಟಗಾರರ ಪಂದ್ಯಕ್ಕೆ ಆರಿಸಲ್ಪಟ್ಟರೂ ಆತನ ಹೆಸರು ಎತ್ತಿದಲ್ಲೆಲ್ಲಾ ಆ ಏಟೇ ನೆನಪಾಗುತ್ತಿತ್ತು. ಆಟ ಬಿಟ್ಟ ತರುವಾಯ ತರಬೇತುಗಾರನ ಕೆಲಸ ಹುಡುಕಿದಾಗ, ಅದೇ ಏಟು ತನಗೆ ಬಾಗಿಲು ಮುಚ್ಚಿತೆಂದು ಆತನು ನಂಬಿದನು.

ಇನ್ನು ಏಟು ತಿಂದವನನ್ನು ನೋಡಿರಿ. ರೂಡಿಯು ಅನೇಕ ಶಸ್ತ್ರಕ್ರಿಯೆಗಳನ್ನು ತಾಳಿಕೊಂಡು ಮರಳಿ ಆಡಿದನು; ಮುಂದೆ ಅದೇ ರಾಕೆಟ್ಸ್ ತಂಡಕ್ಕೆ ತರಬೇತುಗಾರನಾಗಿ 1994ರಲ್ಲಿಯೂ 1995ರಲ್ಲಿಯೂ ಅದಕ್ಕೆ ಜಯ ತಂದನು. ತನಗಾದ ಹಾನಿಯನ್ನು ಅವನು ಅಲ್ಪವೆನ್ನಲಿಲ್ಲ. ಲೇಕರ್ಸರ ಒಡೆಯರ ಮೇಲೆ ವ್ಯಾಜ್ಯ ಹೂಡಲು, 1979ರಲ್ಲಿ ಪಂಚರು 30 ಲಕ್ಷ ಡಾಲರಿಗೂ ಹೆಚ್ಚಾದ ಪರಿಹಾರವನ್ನು ವಿಧಿಸಿದರು. ಆದರೂ ಕರ್ಮಿಟನನ್ನು ಕ್ಷಮಿಸಿದನು; ದ್ವೇಷವು ಇಟ್ಟುಕೊಂಡವನನ್ನೇ ಕೆಡಿಸುವದೆಂದು ತಿಳಿದಿದ್ದನು. ಕ್ಷಮೆ ಎಂದರೆ ತಪ್ಪನ್ನು ತಪ್ಪಲ್ಲವೆನ್ನುವದಲ್ಲ. ಕೃತ್ಯವನ್ನು ಸರಿಯಾಗಿ ತೂಗಿ, ಮನುಷ್ಯನನ್ನು ಆ ತಕ್ಕಡಿಯಿಂದ ಕೆಳಗಿಳಿಸುವದೇ ಕ್ಷಮೆ.

ಕಥೆಯು ಇಲ್ಲಿಗೆ ಮುಗಿದಿದ್ದರೆ ನಮ್ಮ ಪ್ರಶ್ನೆಗೆ ಉತ್ತರ ಸುಲಭವಾಗುತ್ತಿತ್ತು. 1994ರಲ್ಲಿ ಆಫ್ರಿಕದ ರುವಾಂಡ ದೇಶದಲ್ಲಿ ಘೋರವಾದ ಜನಹತ್ಯ ನಡೆಯಿತು. ಅಲ್ಲಿಂದ ಓಡಿಹೋದ ನಿರಾಶ್ರಿತರ ಕಷ್ಟವು ಕರ್ಮಿಟನ ಮನಸ್ಸನ್ನು ಮುಟ್ಟಿತು. ಆತನು ಆಫ್ರಿಕದ ಬಡವರಿಗಾಗಿ ಒಂದು ಧರ್ಮಸಂಸ್ಥೆಯನ್ನು ಸ್ಥಾಪಿಸಿದನು. ನಿಜವಾದ ಕರ್ಮಿಟನು ಇವನೇ ಎಂದು ಆತನ ಸ್ನೇಹಿತರು ಸಂತೋಷಪಟ್ಟರು. ಆದರೆ 2016ರಲ್ಲಿ, ಆ ಧರ್ಮದ ಹೆಸರಿನಲ್ಲಿ ಬಂದ ಹಣವನ್ನು ಸ್ವಂತಕ್ಕೆ ಉಪಯೋಗಿಸಿ ಸರಕಾರಕ್ಕೆ ಸುಳ್ಳು ಲೆಕ್ಕ ಒಪ್ಪಿಸಿದ್ದಾನೆಂಬ ಅಪವಾದದಿಂದ ಆತನು ಹಿಡಿಯಲ್ಪಟ್ಟನು. 2017ರಲ್ಲಿ ನ್ಯಾಯಸ್ಥಾನದ ಮುಂದೆ ತಪ್ಪೊಪ್ಪಿಕೊಂಡನು. 2018ರಲ್ಲಿ ಆರು ವರುಷದ ಸೆರೆಯ ಶಿಕ್ಷೆ ಆಯಿತು.

ಅವನು ಎಂಥವನೆಂದು ಆ ಏಟಿನ ದಿವಸವೇ ನಮಗೆ ಗೊತ್ತಿತ್ತು ಎಂದು ಕೆಲವರು ಅಂದಾರು. ಇದು ಸರಿಯಲ್ಲ. ಗಾಬರಿಯಲ್ಲಿ ಗುದ್ದಿದ ಕೈ ಬೇರೆ, ಕೂತು ಲೆಕ್ಕ ಬರೆದ ಕೈ ಬೇರೆ. ಒಂದು ಇನ್ನೊಂದಕ್ಕೆ ಸಾಕ್ಷಿಯಲ್ಲ. ಬಡವರಿಗೆ ಮಾಡಿದ ಉಪಕಾರವು ಆ ತಪ್ಪನ್ನು ಮುಚ್ಚುವದು ಎನ್ನುವದೂ ಸರಿಯಲ್ಲ. ಉಪಕಾರದ ಹೆಸರಿನಲ್ಲಿಯೇ ಆ ತಪ್ಪು ನಡೆಯಿತಲ್ಲಾ. ಹೀಗೆ ಏಟಿನಿಂದ ತೂಗಿದವರೂ ದಾನದಿಂದ ತೂಗಿದವರೂ ಮೋಸಹೋದರು.

ಇನ್ನೊಂದು ಸಂಗತಿಯನ್ನು ಗಮನಿಸಿರಿ. ಕ್ಷಣಮಾತ್ರದಲ್ಲಿ ಮಾಡಿದ ಪಾಪವನ್ನು ಲೋಕವು ನಾಲ್ವತ್ತು ವರುಷ ನೆನಪಿನಲ್ಲಿಟ್ಟಿತು, ಯಾಕಂದರೆ ಅದು ಕಣ್ಣಿಗೆ ಬಿದ್ದಿತ್ತು. ವರುಷ ವರುಷ ನಿಧಾನವಾಗಿ ಬೆಳೆದ ಪಾಪಕ್ಕೆ ಚಿತ್ರವಿರಲಿಲ್ಲ. ಅದನ್ನು ಬಹುಕಾಲ ಯಾರೂ ಕಾಣಲಿಲ್ಲ. ನಮ್ಮ ಸಭೆಗಳಲ್ಲಿಯೂ ಹೀಗೆ ಆಗುವದಿಲ್ಲವೋ? ಕುಡಿದು ಬೀದಿಯಲ್ಲಿ ಕೂಗಿದವನನ್ನು ಹೊರಗೆ ನಿಲ್ಲಿಸುತ್ತೇವೆ. ಕಾಣಿಕೆಯ ಲೆಕ್ಕವನ್ನು ಮೆಲ್ಲಗೆ ತಿದ್ದಿದವನಿಗೂ, ತಮ್ಮನ ಪಾಲಿನ ಹೊಲವನ್ನು ಬದುವಿನಿಂದ ಬದುವಿಗೆ ಒತ್ತಿಕೊಂಡವನಿಗೂ ಮುಂದಿನ ಸಾಲಿನಲ್ಲಿ ಸ್ಥಳ ಕೊಡುತ್ತೇವೆ. ಬರೆಯುವ ನಾವೂ ಇದರಲ್ಲಿ ನಿರ್ದೋಷಿಗಳಲ್ಲ.

ಕಾಯಿನನ ಮೇಲೆ ದೇವರು ಇಟ್ಟ ಗುರುತನ್ನು ಅನೇಕರು ಅವಮಾನದ ಮುದ್ರೆಯೆಂದು ತಿಳಿಯುತ್ತಾರೆ. ಸತ್ಯವೇದವನ್ನು ತೆರೆದು ನೋಡಿರಿ: ಯಾರೂ ಅವನನ್ನು ಕೊಲ್ಲದ ಹಾಗೆ ಅದು ಇಡಲ್ಪಟ್ಟಿತು. ಪೇತ್ರನು ಗಾಬರಿಯಲ್ಲಿ ಕತ್ತಿ ಬೀಸಿ ಮಲ್ಕನ ಕಿವಿಯನ್ನು ಕಡಿದನು. ಕರ್ತನು ಆ ಕೃತ್ಯವನ್ನು ಗದರಿಸಿ, ಗಾಯವನ್ನು ವಾಸಿಮಾಡಿ, ಪೇತ್ರನನ್ನು ತನ್ನವನಾಗಿಯೇ ಇಟ್ಟುಕೊಂಡನು. ಕಿವಿ ಕಡಿದವನೆಂದು ಸಭೆಯು ಇಂದಿಗೂ ಅವನನ್ನು ಕರೆಯುವದಿಲ್ಲ.

ಆದಕಾರಣ, ಪ್ರಿಯರೇ, ಕೃತ್ಯಗಳನ್ನು ಒಂದೊಂದಾಗಿ ಅವುಗಳ ಹೆಸರಿನಿಂದಲೇ ಕರೆಯೋಣ. ಮನುಷ್ಯನಿಗೆ ಕೊನೆಯ ಹೆಸರಿಡುವ ಅಧಿಕಾರವನ್ನು ಮಾತ್ರ ದೇವರಿಗೆ ಬಿಡೋಣ. ನಿಮ್ಮ ಊರಿನಲ್ಲಿ ಹಳೆಯ ಒಂದು ತಪ್ಪಿನ ಹೆಸರು ಹೊತ್ತು ನಡೆಯುವವನು ಯಾವನಾದರೂ ಇದ್ದರೆ, ಬರುವ ಭಾನುವಾರ ತಾಯಿತಂದೆಗಳು ಇಟ್ಟ ಹೆಸರಿನಿಂದ ಅವನನ್ನು ಕರೆದು ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಬಳಿಕ ಮನೆಗೆ ಹೋಗಿ, ಯಾರೂ ನೋಡದ ನಿಮ್ಮ ಲೆಕ್ಕದ ಪುಸ್ತಕವನ್ನು ತೆರೆದು ನೋಡಿಕೊಳ್ಳಿರಿ.