*ಅದೇ ಕೈ, ಬೇರೆ ಸದ್ದು*




ಕಳೆದ ವಾರ ಮಗಳ ಕೋಣೆಯಿಂದ ಕಬ್ಬಿಣದ ಕಾರ್ಖಾನೆಯಂಥ ಸದ್ದು ಬರುತ್ತಿತ್ತು. ಬಾಗಿಲು ತಳ್ಳಿ ಕೂಗಾಡಿದೆ. ಅವಳು ತಣ್ಣಗೆ ಹೇಳಿದಳು: "ಅಪ್ಪಾ, ಭಾನುವಾರ ಮೈತ್ರಿ ಬಗ್ಗೆ ಮಾತಾಡ್ತೀಯಲ್ಲ, ಅಲ್ಲಿರೋರು ಯಾರೂ ಈ ನಿನ್ನನ್ನ ನೋಡಿಲ್ಲ." ನನಗೆ ಉತ್ತರ ಹೊಳೆಯಲಿಲ್ಲ.

ರಾತ್ರಿ ಅವಳೇ ಬಂದು ಇನ್ನೊಂದು ಸಂಗೀತ ಕೇಳಿಸಿದಳು. ಮಂಜಿನ ಹಾಗೆ ಮೆಲ್ಲನೆ ಹರಡುವ ನಾದ. "ಇದೂ ಅವರದೇ" ಎಂದಳು.

ಕೆನಡಾದ ವ್ಯಾಂಕೂವರ್‌ನಲ್ಲಿ ಬಿಲ್ ಲೀಬ್ 1986ರಲ್ಲಿ ಫ್ರಂಟ್ ಲೈನ್ ಅಸೆಂಬ್ಲಿ ಎಂಬ ತಂಡ ಕಟ್ಟಿದರು. ಯಂತ್ರದ ಬಡಿತ, ಒರಟು ದನಿ. ಇಂಡಸ್ಟ್ರಿಯಲ್ ಸಂಗೀತವೆಂದು ಅದಕ್ಕೆ ಹೆಸರು. ಮರುವರ್ಷವೇ ಡಿಲೀರಿಯಂ ಎಂಬ ಉಪತಂಡ ಶುರುವಾಯಿತು. ಅದು ಆಂಬಿಯೆಂಟ್, ಅಂದರೆ ಸುತ್ತಲಿನ ಗಾಳಿಯಂತೆ ಇರುವ ಸಂಗೀತ. ಎರಡರಲ್ಲೂ ಲೀಬ್ ಜೊತೆ ರಿಸ್ ಫಲ್ಬರ್ ದುಡಿದರು. ಎರಡಕ್ಕೂ ಸಿಂಥಸೈಜರ್, ಸ್ಯಾಂಪ್ಲರ್‌ಗಳೇ ವಾದ್ಯ. ಡಿಲೀರಿಯಂನ ಸಂಗೀತಕ್ಕೆ ಮುಂದೆ ತಾಳ, ಹಾಡು ಸೇರಿದವು. 1997ರ ಆಲ್ಬಂಗೆ ಅವರು ಇಟ್ಟ ಹೆಸರು 'ಕರ್ಮ'. ಅದರಲ್ಲಿ ಸಾರಾ ಮೆಕ್‌ಲಾಕ್ಲನ್ ಹಾಡಿದ 'ಸೈಲೆನ್ಸ್' ಲೋಕವೆಲ್ಲ ಕೇಳಿದ ಹಾಡಾಯಿತು. ಉಪತಂಡವೇ ಮೂಲ ತಂಡಕ್ಕಿಂತ ಹೆಚ್ಚು ಜನರನ್ನು ಮುಟ್ಟಿತು.

ಹಾಗಾದರೆ ಇವರು ನಿಜವಾಗಿ ಯಾರು? ಗದ್ದಲದವರೋ, ಮೌನದವರೋ? ನನ್ನ ವಿಷಯದಲ್ಲಿ ಮಗಳು ಕೇಳಿದ್ದೂ ಇದನ್ನೇ.

ಒಳಗೆ ಬದಲಾಗದ 'ನಾನು' ಒಬ್ಬ ಕೂತಿದ್ದಾನೆ, ಉಳಿದದ್ದೆಲ್ಲ ಮುಖವಾಡ ಎಂದುಕೊಂಡರೆ ಮಾತ್ರ ಈ ಪ್ರಶ್ನೆ ಕಾಡುತ್ತದೆ. ಬುದ್ಧರು ತೋರಿಸಿದ್ದು ಅನಾತ್ಮವನ್ನು. ಕಾರಣಗಳು ಕೂಡಿದಂತೆ ಸದ್ದು ಹುಟ್ಟುತ್ತದೆ. ಆಯಾಸ, ಅಹಂಕಾರ ಕೂಡಿದಾಗ ಕೂಗು. ಸ್ಮೃತಿ ಕೂಡಿದಾಗ ಮೃದು ಮಾತು.

ಆದರೆ ಇಲ್ಲೊಂದು ಅಪಾಯವಿದೆ. "ಸ್ಥಿರವಾದ ನಾನೇ ಇಲ್ಲ ಅಂದಮೇಲೆ ಕೂಗಿದವನು ನಾನಲ್ಲ" ಎಂದು ಜಾರಿಕೊಳ್ಳಬಹುದು. ಮಿಲಿಂದ ರಾಜನಿಗೆ ನಾಗಸೇನರು ಹೇಳಿದ ಮಾವಿನ ಕಳ್ಳ ನೆನಪಿದೆಯಲ್ಲ? ಒಡೆಯ ನೆಟ್ಟ ಮಾವೇ ಬೇರೆ, ನಾನು ಕದ್ದ ಮಾವೇ ಬೇರೆ ಎಂದು ಅವನು ವಾದಿಸಿದರೂ ಶಿಕ್ಷೆ ತಪ್ಪದು. ಆ ಬೀಜದಿಂದಲೇ ಈ ಹಣ್ಣು ಬಂದಿದೆ. ಕೂಗಿದವನೂ ಇಂದು ಇದನ್ನು ಬರೆಯುತ್ತಿರುವವನೂ ಒಬ್ಬನೇ ಅಲ್ಲ, ಬೇರೆಯೂ ಅಲ್ಲ. ಆದ್ದರಿಂದ ಕ್ಷಮೆ ಕೇಳಬೇಕಾದವನು ನಾನೇ.

ಕೇಳಿದೆ. ಮಗಳು ನಕ್ಕು, "ಭಾನುವಾರದ ಅಪ್ಪ ಇವತ್ತು ಗುರುವಾರವೇ ಬಂದಿದಾನೆ" ಎಂದಳು.

ಧ್ಯಾನ, ಮೈತ್ರಿ ಎಲ್ಲ ಇಷ್ಟು ದಿನ ನನಗೆ ಭಾನುವಾರದ ಉಪತಂಡವಾಗಿತ್ತು. ಉಪ ಯಾವುದು, ಮೂಲ ಯಾವುದು ಎಂದು ಮೊದಲೇ ಬರೆದಿಟ್ಟಿಲ್ಲ. ದಿನವೂ ಯಾವುದನ್ನು ನುಡಿಸುತ್ತೇವೋ ಅದೇ ಮೂಲವಾಗುತ್ತದೆ.

*ಇಂದಿನ ಅಭ್ಯಾಸ:* ಮನೆಯಲ್ಲಿ ದನಿ ಏರುವ ಮುನ್ನ ಒಂದು ಉಸಿರು ನಿಲ್ಲೋಣ. ಈ ಕೈಯಿಂದಲೇ ಬೇರೆ ಸದ್ದು ಸಾಧ್ಯವೇ ಎಂದು ಕೇಳಿಕೊಳ್ಳೋಣ.

ಸಬ್ಬೇ ಸತ್ತಾ ಸುಖಿತಾ ಹೊಂತು 🙏