ಕಲಿಯದೆ ಕಲಿಸುವವರು

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಉತ್ತರಕ್ಕೆ, ಉತ್ತರ ಕೊರಿಯಾದ ಗಡಿಗೆ ಹತ್ತಿರದಲ್ಲಿ ಪಾಜು ಎಂಬ ಊರಿದೆ. 2006ರಲ್ಲಿ ಅಲ್ಲಿನ ಪ್ರಾಂತೀಯ ಸರಕಾರ ಆ ಊರಿನಲ್ಲಿ ಒಂದು ‘ಇಂಗ್ಲಿಷ್ ಹಳ್ಳಿ’ಯನ್ನು ತೆರೆಯಿತು. ಹೆಬ್ಬಾಗಿಲಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳ ಪ್ರತಿಕೃತಿ. ಒಳಗೆ ಯುರೋಪಿನ ಹಳೆಯ ಪೇಟೆಯಂತೆ ಕಾಣುವ ಬೀದಿ, ಬೀದಿಯಲ್ಲಿ ಅಂಚೆ ಕಚೇರಿ, ಬ್ಯಾಂಕು, ಪೊಲೀಸ್ ಠಾಣೆ. ಎಲ್ಲವೂ ಮಕ್ಕಳು ಇಂಗ್ಲಿಷ್ ಮಾತಾಡಿ ಕಲಿಯಲೆಂದು ಕಟ್ಟಿದ್ದು. ಇಂಥ ಹಳ್ಳಿಗಳಿಗೆ ಬರುವ ಮಕ್ಕಳು ಆಟದ ಪಾಸ್‌ಪೋರ್ಟ್ ಹಿಡಿದು, ವಲಸೆ ಅಧಿಕಾರಿಯ ವೇಷದಲ್ಲಿರುವ ವಿದೇಶಿ ಶಿಕ್ಷಕನ ಮುಂದೆ ನಿಂತು, ಅವನ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಒಳಗೆ ಹೋಗಬೇಕು. ತನ್ನ ದೇಶದ ನೆಲದ ಮೇಲೆಯೇ ನಿಂತ ಮಗು ಅಲ್ಲಿ ಪರದೇಶಿ. ಮೊನ್ನೆ ಮೊನ್ನೆ ವಿಮಾನ ಇಳಿದ ಇಪ್ಪತ್ತಮೂರರ ತರುಣ ಆ ಊರಿನ ಅಧಿಕಾರಿ.

ಇದೊಂದು ಆಟ, ಇದರಲ್ಲೇನಿದೆ ಎನ್ನಬಹುದು. ಮಕ್ಕಳು ಆಟದಿಂದಲೇ ಕಲಿಯುತ್ತಾರೆ ಎಂಬುದೂ ನಿಜ. ಆದರೆ ಆಟ ಮುಗಿದ ಮೇಲೂ ಉಳಿಯುವ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಅದು ಆ ಮಗುವಿಗಿಂತ ಹೆಚ್ಚಾಗಿ ಆ ತರುಣ ಶಿಕ್ಷಕನಿಗೆ ಸಂಬಂಧಿಸಿದ್ದು. ಒಬ್ಬ ಮನುಷ್ಯನಿಗೆ ಅವನ ವಿದ್ಯೆಗಾಗಿ ಅಲ್ಲದೆ, ಅವನು ಎಲ್ಲಿ ಹುಟ್ಟಿದ, ಅವನ ನಾಲಿಗೆ ಹೇಗೆ ಹೊರಳುತ್ತದೆ ಎಂಬುದಕ್ಕಾಗಿ ಸಂಬಳ ಕೊಟ್ಟರೆ, ಆ ಸಂಬಳವನ್ನು ಅವನು ಪ್ರಾಮಾಣಿಕವಾಗಿ ದುಡಿದದ್ದು ಎಂದು ಹೇಳುವುದು ಹೇಗೆ?

ಮೊದಲು ಕೊರಿಯಾದ ತಾಯಿತಂದೆಯರ ಕಷ್ಟವನ್ನು ಅರಿಯಬೇಕು. ಅಲ್ಲಿ 1997ರಿಂದ ಮೂರನೇ ತರಗತಿಯಲ್ಲಿಯೇ ಇಂಗ್ಲಿಷ್ ಪಾಠವಾಗಿದೆ. ಪ್ರತಿ ನವೆಂಬರ್‌ನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿ ಉತ್ತರಿಸುವ ಭಾಗ ನಡೆಯುವಾಗ, ಸುಮಾರು ಅರ್ಧ ಗಂಟೆ ಕಾಲ ದೇಶದ ಯಾವ ನಿಲ್ದಾಣದಲ್ಲೂ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ಮಕ್ಕಳ ಕಿವಿಗೆ ತೊಂದರೆಯಾಗಬಾರದೆಂದು ಆಕಾಶವನ್ನೇ ಸುಮ್ಮನಿರಿಸುವ ದೇಶ ಅದು. ಸಂಜೆಯಾದರೆ ಮಕ್ಕಳು ‘ಹಾಗ್ವೊನ್’ ಎಂಬ ಖಾಸಗಿ ಟ್ಯೂಷನ್ ಶಾಲೆಗಳಿಗೆ ಹೊರಡುತ್ತಾರೆ. ಸೋಲ್‌ನಲ್ಲಿ ಇವು ರಾತ್ರಿ ಹತ್ತರ ನಂತರ ನಡೆಯಕೂಡದೆಂದು ನಿಯಮವನ್ನೇ ಮಾಡಬೇಕಾಯಿತು. 2024ರಲ್ಲಿ ಶಾಲಾ ಮಕ್ಕಳ ಖಾಸಗಿ ಪಾಠಕ್ಕೆ ಕೊರಿಯನ್ನರು ಖರ್ಚು ಮಾಡಿದ್ದು 29 ಲಕ್ಷ ಕೋಟಿ ವಾನ್‌ಗೂ ಹೆಚ್ಚು.

ಹಣವಿದ್ದವರು ಮಕ್ಕಳನ್ನು ತಾಯಿಯೊಂದಿಗೆ ಅಮೆರಿಕಕ್ಕೋ ಕೆನಡಾಕ್ಕೋ ಕಳಿಸುತ್ತಾರೆ. ತಂದೆ ಒಬ್ಬನೇ ಊರಲ್ಲಿ ಉಳಿದು ದುಡಿದು ಹಣ ಕಳಿಸುತ್ತಾನೆ. ಅಂಥವನನ್ನು ಅಲ್ಲಿ ‘ಗಿರೊಗಿ ಅಪ್ಪ’ ಎನ್ನುತ್ತಾರೆ. ಗಿರೊಗಿ ಎಂದರೆ ಋತು ನೋಡಿ ದೇಶಾಂತರ ಹಾರುವ ಕಾಡು ಹೆಬ್ಬಾತು. ಅಪ್ಪ ಎಂದರೆ ಅಪ್ಪನೇ. ಆ ಶಬ್ದ ಅವರಲ್ಲೂ ನಮ್ಮಲ್ಲೂ ಹೆಚ್ಚುಕಡಿಮೆ ಒಂದೇ. ಹೀಗೆ ಸಂಸಾರ ಹರಿದು ಹಂಚಿಹೋಗುವುದು ತಪ್ಪಲಿ, ಬಡವರ ಮಕ್ಕಳಿಗೂ ವಿದೇಶಿಯರ ಜೊತೆ ಮಾತಾಡುವ ಅವಕಾಶ ಸಿಗಲಿ ಎಂಬುದೇ ಇಂಗ್ಲಿಷ್ ಹಳ್ಳಿಗಳಿಗೆ ಸರಕಾರ ಕೊಟ್ಟ ಸಮರ್ಥನೆ. ಉದ್ದೇಶವನ್ನು ಹಳಿಯಲಾಗದು. ರಜೆ ಬಂತೆಂದರೆ ವಿಶ್ವವಿದ್ಯಾಲಯಗಳು, ಖಾಸಗಿ ಸಂಸ್ಥೆಗಳು ನಡೆಸುವ ಎರಡು ಮೂರು ವಾರಗಳ ಇಂಗ್ಲಿಷ್ ಶಿಬಿರಗಳ ಹಿಂದೆಯೂ ಇದೇ ಆಸೆ, ಇದೇ ಭಯ.

ಈಗ ಆ ಶಿಬಿರಗಳ ಶಿಕ್ಷಕ ಯಾರೆಂದು ನೋಡೋಣ. ಕೊರಿಯಾದಲ್ಲಿ ಇಂಗ್ಲಿಷ್ ಸಂಭಾಷಣೆ ಕಲಿಸಲು ಕೊಡುವ ವೀಸಾ ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮಾತ್ರ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಖಾಸಗಿ ಸಂಸ್ಥೆಯಲ್ಲಿ ಕಲಿಸಲು ಈ ದೇಶದವರಿಗೆ ಒಂದು ಪದವಿ ಸಾಕು. ಅದು ಭೂಗೋಳದಲ್ಲಿರಲಿ, ಲೆಕ್ಕಪತ್ರದಲ್ಲಿರಲಿ, ಅಡ್ಡಿಯಿಲ್ಲ. ಧಾರವಾಡದಲ್ಲೋ ಮೈಸೂರಿನಲ್ಲೋ ಇಂಗ್ಲಿಷ್ ಎಂ.ಎ. ಮಾಡಿ ಇಪ್ಪತ್ತು ವರ್ಷ ಕಲಿಸಿದ ಅಧ್ಯಾಪಕಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ಭಾರತೀಯರಿಗೆ ಒಂದು ಕಿಂಡಿ ತೆರೆಯಿತು. ಅದೂ ಸಹಾಯಕ ಶಿಕ್ಷಕರಾಗಿ, ಅದಕ್ಕೆ ಪದವಿಯ ಜೊತೆ ಶಿಕ್ಷಕ ತರಬೇತಿಯ ಪ್ರಮಾಣಪತ್ರವೂ ಬೇಕು. ಒಬ್ಬನಿಗೆ ಹುಟ್ಟು ಸಾಕು, ಇನ್ನೊಬ್ಬನಿಗೆ ವಿದ್ಯೆಯ ಮೇಲೆ ಪುರಾವೆಯೂ ಬೇಕು.

ಏಳು ದೇಶಗಳ ಒಳಗಾದರೂ ಎಲ್ಲರೂ ಸಮಾನರೇ? ಕೆಲಸದ ಅರ್ಜಿಯೊಂದಿಗೆ ಫೋಟೋ ಕೇಳುವುದು ಅಲ್ಲಿ ರೂಢಿ. ಕರಿಯ ಅಮೆರಿಕನ್ನರು, ಕೊರಿಯನ್ ಮೂಲದ ಅಮೆರಿಕನ್ನರು ತಮ್ಮ ಮುಖ ನೋಡಿಯೇ ಕೆಲಸ ತಪ್ಪಿತೆಂದು ಬಹಳ ಕಾಲದಿಂದ ದೂರುತ್ತಾ ಬಂದಿದ್ದಾರೆ. ಶಿಬಿರದ ಜಾಹೀರಾತಿಗೆ ಹೊಂದುವ ಮುಖ ಬೇಕು. ಹಾಗೆ ಆಯ್ಕೆಯಾಗಿ ಬಂದವನಿಗಾದರೂ ಗೌರವ ಸಿಕ್ಕಿತೆ? ಎಷ್ಟೋ ವರ್ಷ ವಿದೇಶಿ ಸಂಭಾಷಣಾ ಶಿಕ್ಷಕರು ಎಚ್‌ಐವಿ ಪರೀಕ್ಷೆಗೆ ಒಳಗಾಗಬೇಕಿತ್ತು. ಕೊರಿಯನ್ ಶಿಕ್ಷಕರಿಗೆ ಆ ಕಟ್ಟಳೆ ಇರಲಿಲ್ಲ. 2015ರಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿ ಇದನ್ನು ತಾರತಮ್ಯವೆಂದು ಹೇಳಿತು. 2017ರಲ್ಲಿ ಕೊರಿಯಾ ಅದನ್ನು ಕೈಬಿಟ್ಟಿತು. ಕೊಂಡು ತಂದ ಸರಕನ್ನು ತಟ್ಟಿ ನೋಡುವುದು ವ್ಯಾಪಾರದ ಗುಣ. ಶಿಕ್ಷಕನೂ ಆ ಸಂತೆಯಲ್ಲಿ ಸರಕೇ ಆಗಿದ್ದ.

ಆದ್ದರಿಂದ ಶಿಬಿರದ ಶಿಕ್ಷಕನನ್ನು ಖಳನಾಯಕನನ್ನಾಗಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಓದಿನ ಸಾಲ ತೀರಿಸಲು, ದೇಶ ನೋಡಲು ಬಂದ ಹುಡುಗ ಅಥವಾ ಹುಡುಗಿ. ಬೆಳಗಿನ ತಿಂಡಿಯಿಂದ ರಾತ್ರಿ ಮಲಗುವವರೆಗೂ ಮಕ್ಕಳ ಜೊತೆ ಇರಬೇಕು: ಪಾಠ, ಹಾಡು, ಆಟ, ನಾಟಕ. ದಣಿಯುವ ಕೆಲಸ. ಅವನನ್ನು ಕೇಳಿದರೆ ಮೂರು ಉತ್ತರ ಕೊಟ್ಟಾನು. ಒಂದು, ಈ ವ್ಯವಸ್ಥೆಯನ್ನು ನಾನು ಮಾಡಲಿಲ್ಲ. ಎರಡು, ತಾಯಿತಂದೆಯರೇ ಬಯಸಿ ಕಳಿಸಿದ್ದಾರೆ. ಮೂರು, ಮಕ್ಕಳು ನಗುನಗುತ್ತಾ ಇದ್ದಾರೆ.

ಮೊದಲ ಉತ್ತರ ನಿಜ. ಆದರೆ ತಾನು ಮಾಡದ ವ್ಯವಸ್ಥೆಯೊಳಗೇ ನಾವೆಲ್ಲರೂ ದುಡಿಯುತ್ತೇವೆ. ಪಡಿತರ ಅಂಗಡಿಯವನೂ ಆ ವ್ಯವಸ್ಥೆಯನ್ನು ಮಾಡಿದವನಲ್ಲ; ಆದರೂ ತಕ್ಕಡಿ ಅವನ ಕೈಯಲ್ಲಿದೆ. ಎರಡನೆಯದೂ ನಿಜ. ಆದರೆ ಇಂಗ್ಲಿಷ್ ಉಚ್ಚಾರ ಸರಿಯಾಗಲೆಂದು ಮಗುವಿನ ನಾಲಿಗೆಯ ಕೆಳಗೆ ಶಸ್ತ್ರಚಿಕಿತ್ಸೆ ಮಾಡಿಸಿದ ತಾಯಿತಂದೆಯರೂ ಆ ದೇಶದಲ್ಲಿದ್ದರು. ಕೊರಿಯಾದ ರಾಷ್ಟ್ರೀಯ ಮಾನವ ಹಕ್ಕು ಆಯೋಗ 2003ರಲ್ಲಿ ಆರು ನಿರ್ದೇಶಕರಿಂದ ಮಾಡಿಸಿದ ಕಿರುಚಿತ್ರಗಳ ಗುಚ್ಛದಲ್ಲಿ ಪಾರ್ಕ್ ಜಿನ್-ಪ್ಯೊ ಅವರ ಚಿತ್ರ ಇದನ್ನೇ ಕುರಿತದ್ದು. ಪ್ರೀತಿಯಿಂದ ಮಾಡಿದ್ದೆಲ್ಲ ಸರಿಯಾಗಿಬಿಡುವುದಿಲ್ಲ. ಮೂರನೆಯ ಉತ್ತರಕ್ಕೆ ಮಾತ್ರ ಸ್ವಲ್ಪ ನಿಧಾನಿಸಬೇಕು. ಏಕೆಂದರೆ ಶಿಬಿರದ ಮಕ್ಕಳು ನಿಜವಾಗಿಯೂ ಖುಷಿಯಾಗಿರುತ್ತಾರೆ.

ಆ ಖುಷಿಗೆ ಒಂದು ಕಾರಣ ಭಾಷೆಯಲ್ಲಿಯೇ ಇದೆ. ಕೊರಿಯನ್ ಭಾಷೆಯಲ್ಲಿ ಹಿರಿಯರ ಮುಂದೆ ಮಾತಿನ ಕೊನೆಯೇ ಬದಲಾಗುತ್ತದೆ. ಒಂದು ವರ್ಷ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದೂ ಕಷ್ಟ. ಉರ್ದುವಿನ ‘ತೂ, ತುಮ್, ಆಪ್’ ಮತ್ತು ಕನ್ನಡದ ‘ನೀನು, ನೀವು, ತಾವು’ ಎರಡರ ನಡುವೆಯೂ ಬೆಳೆದ ನನ್ನಂಥವನಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಮಾತಿನಲ್ಲಿ ಬಾಯಿ ತೆರೆಯುವ ಮೊದಲೇ ಎದುರಿಗಿರುವವರ ಎತ್ತರ ಅಳೆಯಬೇಕು. ಇಂಗ್ಲಿಷಿನ ‘ಯು’ಗೆ ಆ ಅಳತೆ ಬೇಕಿಲ್ಲ. ಶಿಬಿರದಲ್ಲಿ ಮಗುವಿಗೆ ಒಂದು ಇಂಗ್ಲಿಷ್ ಹೆಸರು ಸಿಗುತ್ತದೆ. ಹೊಸ ಹೆಸರಿನ ಮರೆಯಲ್ಲಿ ನಾಚುವ ಹುಡುಗನೂ ತಪ್ಪು ಮಾತಾಡಲು ಧೈರ್ಯ ಮಾಡುತ್ತಾನೆ. ಪರೀಕ್ಷೆಯಿಲ್ಲದ ಎರಡು ವಾರ, ಬೈಯದ ಮೇಷ್ಟ್ರು. ಪರಭಾಷೆ ಕೊಡುವ ಈ ಬಿಡುಗಡೆಯನ್ನು ಸಣ್ಣದೆನ್ನಲಾರೆ.

ಆದರೆ ಅದೇ ಹೆಸರಿನ ವಿಷಯಕ್ಕೆ ಮತ್ತೊಂದು ಮುಖವೂ ಇದೆ. ಕಥೆ ಬರೆಯುವವರಿಗೆ ಗೊತ್ತು, ಒಂದು ಪಾತ್ರಕ್ಕೆ ಹೆಸರು ಹುಡುಕಲು ಎಷ್ಟು ದಿನ ಬೇಕೆಂದು. ಕೊರಿಯಾದಲ್ಲಿ ಮಗುವಿನ ಹೆಸರಿನ ಅಕ್ಷರಗಳನ್ನು ಮನೆಯವರು ಅರ್ಥ ನೋಡಿ ಆರಿಸುತ್ತಾರೆ. ಎಷ್ಟೋ ಮನೆತನಗಳಲ್ಲಿ ಒಂದು ತಲೆಮಾರಿನವರಿಗೆಲ್ಲ ಒಂದು ಅಕ್ಷರ ಸಮಾನವಾಗಿರುತ್ತದೆ. ಅಂಥ ಹೆಸರು ಶಿಬಿರದ ಮೊದಲ ದಿನ ಅರ್ಧ ನಿಮಿಷದಲ್ಲಿ ಬದಿಗೆ ಸರಿಯುತ್ತದೆ. ಕಾರಣ ಕೇಳಿದರೆ, ಶಿಕ್ಷಕನಿಗೆ ಉಚ್ಚರಿಸಲು ಕಷ್ಟ! ‘ಎಲ್’ ಮತ್ತು ‘ಆರ್’ ಹೇಳಲು ಮಗು ತಿಂಗಳುಗಟ್ಟಲೆ ನಾಲಿಗೆ ಹೊರಳಿಸಬೇಕು. ಮಗುವಿನ ಎರಡಕ್ಷರದ ಹೆಸರಿಗಾಗಿ ಶಿಕ್ಷಕ ಒಂದು ಗಳಿಗೆಯೂ ನಾಲಿಗೆ ಹೊರಳಿಸಬೇಕಾಗಿಲ್ಲ.

ಕೊರಿಯಾಕ್ಕೆ ಇದು ಹೊಸ ಗಾಯವೂ ಅಲ್ಲ. ಜಪಾನಿನ ಆಳ್ವಿಕೆಯಲ್ಲಿ, 1938ರ ನಂತರ, ಕೊರಿಯನ್ ಭಾಷೆಯನ್ನು ಶಾಲೆಗಳಿಂದ ಹೊರದೂಡಲಾಯಿತು. 1940ರಲ್ಲಿ ಜನರು ಜಪಾನಿ ಹೆಸರುಗಳನ್ನು ಇಟ್ಟುಕೊಳ್ಳುವಂತೆ ಒತ್ತಡ ಹೇರಲಾಯಿತು. 1942ರಲ್ಲಿ ಕೊರಿಯನ್ ನಿಘಂಟು ಸಿದ್ಧಪಡಿಸುತ್ತಿದ್ದ ವಿದ್ವಾಂಸರನ್ನು ಸೆರೆಗೆ ತಳ್ಳಲಾಯಿತು. ರಾಜ ಸೆಜೋಂಗ್ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಗಾಗಿ ಅಕ್ಟೋಬರ್ 9ರಂದು ಹಬ್ಬ ಆಚರಿಸುವ ಜನ ಅವರು. ಅಂದಿನ ಬಲವಂತವನ್ನೂ ಇಂದಿನ ಶಿಬಿರವನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಅನ್ಯಾಯವಾದೀತು. ಅಂದು ಬಂದೂಕಿತ್ತು, ಇಂದು ತಾಯಿತಂದೆಯರೇ ಶುಲ್ಕ ಕಟ್ಟುತ್ತಾರೆ, ಮನೆಗೆ ಮರಳಿದ ಮಗು ಮತ್ತೆ ತನ್ನ ಹೆಸರಿಗೆ ಓಗೊಡುತ್ತದೆ. ಆದರೂ ‘ಇಲ್ಲಿ ಕೊರಿಯನ್ ಮಾತಾಡಬಾರದು’ ಎಂಬ ಫಲಕವನ್ನು ಆ ಇತಿಹಾಸ ಓದಿಕೊಂಡ ಶಿಕ್ಷಕ ಗೋಡೆಗೆ ಅಂಟಿಸುವುದಕ್ಕೂ, ಓದದವನು ಅಂಟಿಸುವುದಕ್ಕೂ ವ್ಯತ್ಯಾಸವಿದೆ.

ಆ ನಿಯಮದ ನಿಜವಾದ ಪರೀಕ್ಷೆ ತರಗತಿಯಲ್ಲಿ ನಡೆಯುವುದಿಲ್ಲ, ರಾತ್ರಿ ನಡೆಯುತ್ತದೆ. ಎಂಟು ವರ್ಷದ ಮಗು. ಮನೆ ಬಿಟ್ಟು ಮಲಗಿದ್ದು ಇದೇ ಮೊದಲು. ಹೊಟ್ಟೆ ನೋವೋ, ಮನೆಯ ನೆನಪೋ ಅದಕ್ಕೇ ತಿಳಿಯದು. ಅಳುತ್ತಾ ‘ಒಮ್ಮ’ ಎನ್ನುತ್ತದೆ. ಅಮ್ಮ ಎಂದೇ ಅದರ ಅರ್ಥ. ಇದನ್ನು ಇಂಗ್ಲಿಷಿನಲ್ಲಿ ಹೇಳು ಎನ್ನುವುದು ನಿಯಮ. ಯಾವ ಶಿಕ್ಷಕನೂ ಆ ಹೊತ್ತಿನಲ್ಲಿ ಹಾಗೆ ಹೇಳಲಾರ ಎಂದೇ ನಂಬೋಣ. ಆದರೆ ಹೇಳದಿದ್ದರೆ ಸಾಕೆ? ಆ ಮಗು ಮುಂದೆ ನಾಲ್ಕು ಮಾತು ಹೇಳಿದರೆ ಅವನಿಗೆ ಅರ್ಥವಾಗಬೇಡವೆ? ಪಕ್ಕದ ಕೋಣೆಯ ಕೊರಿಯನ್ ಸಹಾಯಕಿಯನ್ನು ಎಬ್ಬಿಸಬಹುದು. ಆಗ ಮಗುವಿನ ನೋವು ಅವಳ ಪಾಲಿಗೆ, ಮಗುವಿನ ಹಾಡು ಇವನ ಪಾಲಿಗೆ. ಎಷ್ಟೋ ಕಡೆ ಸಂಬಳದಲ್ಲಿ ಮಾತ್ರ ಅವಳೇ ಕೆಳಗೆ.

ನಮ್ಮ ಉರ್ದು ಶಾಲೆಗೆ ಒಬ್ಬ ಕನ್ನಡ ಮೇಷ್ಟ್ರು ಬಂದಿದ್ದರು. ಅವರಿಗೆ ಉರ್ದು ಬಾರದು, ನಮಗೆ ಕನ್ನಡ ಬಾರದು. ಮೊದಲ ವಾರ ಅವರು ಪುಸ್ತಕ ತೆರೆಯಲೇ ಇಲ್ಲ. ಕಿಟಕಿ, ನೀರು, ಹಸಿವು, ಅಜ್ಜಿ ಇವಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಎಂದು ಕೈಸನ್ನೆಯಲ್ಲಿ ಕೇಳಿದರು. ನಾವು ಹೇಳಿದ ಉರ್ದು ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದು, ತಾವೇ ತಪ್ಪು ತಪ್ಪಾಗಿ ಓದಿದರು. ನಾವು ಬಿದ್ದು ಬಿದ್ದು ನಕ್ಕೆವು. ನಮ್ಮನ್ನು ನೋಡಿ ಅವರೂ ನಕ್ಕರು. ಕನ್ನಡದ ಅಕ್ಷರಗಳನ್ನು ನಾನು ಮೊದಲು ಓದಿದ್ದು ನನ್ನ ಮನೆಯ ಮಾತಿನಲ್ಲಿ. ಅವರ ಉಚ್ಚಾರ ಶುದ್ಧವಾಗಿತ್ತೋ ಇಲ್ಲವೋ ನೆನಪಿಲ್ಲ. ತಪ್ಪು ಮಾಡಲು ನಾಚಬೇಕಿಲ್ಲ ಎಂಬುದನ್ನು ಅವರು ತಾವೇ ತಪ್ಪು ಮಾಡಿ ತೋರಿಸಿದ್ದು ನೆನಪಿದೆ.

ನನ್ನ ಮೊದಲ ಪ್ರಶ್ನೆಗೆ ಉತ್ತರ ನನಗೆ ಕಾಣುವುದು ಇಲ್ಲಿ. ಹುಟ್ಟಿನಿಂದ ಬಂದದ್ದಕ್ಕೆ ಸಂಬಳ ಪಡೆಯುವುದು ತಾನಾಗಿ ಪಾಪವಲ್ಲ. ಹಾಡುವವನ ಕಂಠವೂ ಹುಟ್ಟಿನಿಂದಲೇ ಬಂದದ್ದು. ಆದರೆ ಕಂಠವಿದ್ದ ಮಾತ್ರಕ್ಕೆ ಯಾರೂ ಗಾಯಕರಾಗುವುದಿಲ್ಲ, ಅದಕ್ಕೆ ಅಭ್ಯಾಸ ಬೇಕು. ಭಾಷೆ ಕಲಿಸುವವನ ಅಭ್ಯಾಸವೆಂದರೆ ಕಲಿಯುವವನ ಭಾಷೆಯ ಕಡೆಗೆ ಒಂದಿಷ್ಟು ದೂರ ನಡೆದು ಹೋಗುವುದು. ಹಂಗುಲ್ ಅಕ್ಷರಗಳನ್ನು ಮನಸ್ಸಿಟ್ಟರೆ ಕೆಲವೇ ದಿನಗಳಲ್ಲಿ ಗುರುತಿಸಲು ಕಲಿಯಬಹುದು. ಅಷ್ಟನ್ನೂ ಮಾಡದೆ, ಮಗು ಮಾತ್ರ ತನ್ನ ಕಡೆಗೆ ಇಡೀ ದಾರಿ ನಡೆದು ಬರಲಿ ಎಂದು ಕುಳಿತವನು ತನ್ನ ನಾಲಿಗೆಯನ್ನು ಬಾಡಿಗೆಗೆ ಕೊಟ್ಟಿದ್ದಾನೆ, ಅಷ್ಟೆ. ಪಾಠ ಹೇಳಿದ್ದಾನೆ ಎನ್ನಲಾಗದು. ಸಾಲ ತೀರಿಸಲು ಬಂದವನಾದರೂ ಕಲಿಯಲು ಕುಳಿತ ಗಳಿಗೆಯಿಂದ ಅವನ ಸಂಬಳ ದುಡಿಮೆಯ ಸಂಬಳವಾಗುತ್ತದೆ.

ಪಾಜುವಿನ ಹಳ್ಳಿ ನಷ್ಟ ಕಂಡು, ಕೊನೆಗೆ ತನ್ನ ಹೆಸರನ್ನೂ ಉದ್ದೇಶವನ್ನೂ ಬದಲಿಸಿಕೊಂಡಿತು. ಶಿಬಿರಗಳು ನಿಂತಿಲ್ಲ, ಇಂಗ್ಲಿಷ್ ಶಿಶುವಿಹಾರಗಳೂ ನಡೆಯುತ್ತಿವೆ. ನಮ್ಮಲ್ಲಿಯೂ ಶಾಲೆಯ ಆವರಣದಲ್ಲಿ ಕನ್ನಡ ಅಥವಾ ಉರ್ದು ಮಾತಾಡಿದ ಮಗುವಿಗೆ ದಂಡ ಹಾಕುವ ಆಂಗ್ಲ ಮಾಧ್ಯಮದ ಶಾಲೆಗಳಿವೆ. ಅಲ್ಲಿ ದಂಡ ಹಾಕುವ ಶಿಕ್ಷಕಿಗೆ ಮಗುವಿನ ಭಾಷೆ ಚೆನ್ನಾಗಿ ಬರುತ್ತದೆ. ಬಂದೂ ಬಾರದಂತಿರಬೇಕೆಂದು ಆಕೆಗೆ ಸಂಬಳ ಕೊಡುತ್ತಾರೆ. ಕೊರಿಯಾದ ಶಿಬಿರಕ್ಕೆ ಬಂದ ತರುಣನಿಗಿಂತ ಆಕೆಯ ಇಕ್ಕಟ್ಟು ದೊಡ್ಡದು.

ಶಿಬಿರಗಳನ್ನು ಮುಚ್ಚಿಸುವುದು ಆ ತರುಣನ ಕೈಯಲ್ಲಿಲ್ಲ. ಪರೀಕ್ಷೆಯನ್ನು ಬದಲಿಸುವುದು, ವೀಸಾದ ಪಟ್ಟಿಯನ್ನು ತಿದ್ದುವುದು ಸರಕಾರದ ಕೆಲಸ. ಅವನ ಕೈಯಲ್ಲಿರುವುದು ಬಹಳ ಸಣ್ಣದು. ಮೊದಲ ದಿನ, ಇಂಗ್ಲಿಷ್ ಹೆಸರಿನ ಚೀಟಿಯನ್ನು ಮಗುವಿನ ಅಂಗಿಗೆ ಸಿಕ್ಕಿಸುವ ಮೊದಲು, ಮನೆಯಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆ ಎಂದು ಕೇಳಬಹುದು. ಮಗು ಹೇಳಿದ್ದನ್ನು ತಾನೂ ಹೇಳಿ ನೋಡಬಹುದು. ತಪ್ಪಾದರೆ ಮಗುವೇ ತಿದ್ದುತ್ತದೆ. ಸರಿಯಾಗುವವರೆಗೆ ಹೇಳಲಿ.